ಕೂದಲು ಉದುರಿತೋ, ಮುರಿಯಿತೋ?

ಕುಮಟಾ, ಶಿರಸಿ ಕಡೆಯಿಂದ ರೋಣಕ್ಕೋ ನರಗುಂದಕ್ಕೋ ವರ್ಗವಾಗಿ ಬಂದ ಮೇಷ್ಟ್ರು, ನರ್ಸು, ಬ್ಯಾಂಕಿನವರು ಕೆಲವೇ ತಿಂಗಳಲ್ಲಿ ಒಂದು ದೂರು ಶುರು ಮಾಡುತ್ತಾರೆ: ‘ಇಲ್ಲಿಯ ನೀರಿಗೆ ಕೂದಲೆಲ್ಲ ಉದುರಿಹೋಗ್ತಾ ಇದೆ.’ ಊರಿನವರೂ ತಲೆಯಾಡಿಸುತ್ತಾರೆ: ‘ಸವುಳ ನೀರ್ರೀ, ಏನ್ ಮಾಡೂದು?’ ಈ ಆರೋಪ ಅರ್ಧ ಮಾತ್ರ ನಿಜ.

ರೋಣ, ನರಗುಂದ, ಗಜೇಂದ್ರಗಡ ಮರುಭೂಮಿಯಲ್ಲ. ಆದರೆ ಕೃಷಿ ತಜ್ಞರು ಉತ್ತರ ಒಣ ವಲಯವೆಂದು ಗುರುತಿಸಿದ ಎರಿ ನೆಲ ಇದು. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಕರಾವಳಿಯ ಮಳೆ ಇದರ ಐದಾರು ಪಟ್ಟು. ಏಪ್ರಿಲ್ ಮಧ್ಯಾಹ್ನ ಇಲ್ಲಿ ಗಾಳಿಯ ತೇವ ಶೇಕಡಾ 30ಕ್ಕಿಂತ ಕೆಳಗಿಳಿಯುವುದುಂಟು, ಮತ್ತು ಈ ತೇವವನ್ನು ಕೂದಲು ಚೆನ್ನಾಗಿಯೇ ಬಲ್ಲದು. ತೇವ ಏರಿದರೆ ಕೂದಲು ಉದ್ದವಾಗುತ್ತದೆ, ಇಳಿದರೆ ಗಿಡ್ಡವಾಗುತ್ತದೆ. ಅದನ್ನೇ ಬಳಸಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 18ನೇ ಶತಮಾನದಲ್ಲಿ ಮನುಷ್ಯನ ಕೂದಲಿನಿಂದಲೇ ತೇವಮಾಪಕ ಮಾಡಿದ್ದ.

ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಟಿನ್ ಎಂಬ ಪ್ರೋಟೀನಿನ ಎಳೆ. ಅದರ ಹೊರಪದರದ ಹುರುಪೆಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಬೇರು ಇರುವುದು ನೆತ್ತಿಯ ಚರ್ಮದೊಳಗೆ, ರಕ್ತದ ಪೋಷಣೆಯಲ್ಲಿ. ಒಣಗಾಳಿ, ಬಿಸಿಲು, ಸವುಳು ನೀರು ಕೆಡಿಸುವುದು ಮುಖ್ಯವಾಗಿ ಹೊರಗಿನ ಎಳೆಯನ್ನು. ತೇವ ಕಳೆದುಕೊಂಡ ಎಳೆ ಒರಟಾಗಿ, ಬಾಚಣಿಗೆಗೆ ಸಿಕ್ಕಿ ತುಂಡಾಗುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟದ್ದು ಸುಮ್ಮನೆ ಅಲ್ಲ. ಆ ಗಾಳಿಗೆ ಬಿಟ್ಟ ಕೂದಲು ಸಂಜೆಗೆ ಬಿಡಿಸಲಾಗದಷ್ಟು ಸಿಕ್ಕಾಗಿರುತ್ತದೆ. ಇಲ್ಲಿಯ ಹೆಂಗಸರು ಬಿಗಿಯದೆ ಹೆಣೆದ ಹೆರಳು ಹಾಕಿ ಸೆರಗು ಹೊದ್ದು ಹೊಲಕ್ಕೆ ಹೋಗುವುದು ವಿಜ್ಞಾನದ ದೃಷ್ಟಿಯಿಂದಲೂ ಸರಿಯಾದ ಉಪಾಯ. ಗಂಡಸರ ರುಮಾಲಿನದೂ ಅದೇ ಕೆಲಸ.

ಬಿಸಿಲಿನ ನೇರಳಾತೀತ ಕಿರಣಗಳು ಕೆರಟಿನ್ನಿನ ಗಂಧಕದ ಬಂಧಗಳನ್ನು ಕಡಿಯುತ್ತವೆ. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಆ ಕಿರಣಗಳನ್ನು ತಡೆಯುತ್ತ ತಾನೇ ಸವೆಯುತ್ತದೆ. ಬಿಸಿಲಲ್ಲಿ ಬೆಳೆಯುವ ಮಕ್ಕಳ ತಲೆ ಕೆಂಚಾಗುವುದಕ್ಕೆ ಇದೂ ಒಂದು ಕಾರಣ. ನರೆತ ಕೂದಲಿಗೆ ಈ ರಕ್ಷಣೆಯೂ ಇಲ್ಲ, ಹಿರಿಯರು ತಲೆ ಮುಚ್ಚಿಕೊಳ್ಳುವುದು ಇನ್ನೂ ಮುಖ್ಯ.

ಇನ್ನು ನೀರು. ಎರಿ ನೆಲದ ಬಾವಿ, ಬೋರ್‌ವೆಲ್ಲುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು, ನೀರಿನ ಗಡಸುತನ ಎಂದರೆ ಇದೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಗಡಸು ನೀರಿಗೆ ಸೋಪು ತಾಗಿದರೆ ನೊರೆಯ ಬದಲು ಬಿಳಿ ಜಿಡ್ಡು ಹುಟ್ಟಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೈ ಸೋಪನ್ನು ತಲೆಗೆ ಹಚ್ಚಲೇಬೇಡಿ. ಶಾಂಪೂವಿಗೆ ಆ ಕಾಟ ಕಡಿಮೆ. ಸೀಗೆಕಾಯಿ, ಅಂಟವಾಳಗಳ ನೊರೆಗೂ ಅಷ್ಟೇ, ಜೊತೆಗೆ ಸೀಗೆಕಾಯಿಗೆ ಕೊಂಚ ಹುಳಿ ಗುಣವಿದೆ, ಅದು ಎದ್ದ ಹುರುಪೆಗಳನ್ನು ಕೂರಿಸುತ್ತದೆ. ಗಡಸು ನೀರು ಎಳೆಯನ್ನು ದುರ್ಬಲಗೊಳಿಸುತ್ತದೆಯೇ? ಕೊಯಮತ್ತೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ ಎಳೆಯ ಬಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪಾಕಿಸ್ತಾನದ ಇನ್ನೊಂದು ಅಧ್ಯಯನದಲ್ಲಿ ಬಲ ತಗ್ಗಿದ್ದು ಕಂಡಿತು. ಬೇರು ಸಡಿಲವಾಗುತ್ತದೆ ಎಂಬುದಕ್ಕಂತೂ ಗಟ್ಟಿ ಪುರಾವೆಯಿಲ್ಲ.

ಎಣ್ಣೆಯ ವಿಷಯದಲ್ಲಿ ಅಜ್ಜಿಯರು ಗೆದ್ದಿದ್ದಾರೆ. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಹೋಲಿಸಿ ನೋಡಿತು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ಹೋಗದಂತೆ ತಡೆದದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲದ ಕಣ ಚಿಕ್ಕದು, ನೇರವಾದದ್ದು, ಎಳೆಯೊಳಗೆ ಇಳಿಯಬಲ್ಲದು. ಈ ಸೀಮೆಯ ಕುಸುಬಿ ಎಣ್ಣೆ ರೊಟ್ಟಿ, ಚಟ್ನಿಪುಡಿಗೆ ಬಹಳ ರುಚಿ, ಆದರೆ ಅದು ಸೂರ್ಯಕಾಂತಿಯ ಜಾತಿಯದು. ತಲೆ ಎರೆದುಕೊಳ್ಳುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆಯನ್ನೇ ಹಚ್ಚಿ.

ಹಾಗಾದರೆ ನಿಜವಾಗಿ ಉದುರುವುದೇಕೆ? ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಬಿಳಿ ಗುಬುಟು ಇದ್ದರೆ ಬೇರಿನಿಂದ ಉದುರಿದ್ದು, ಇಲ್ಲದ ಗಿಡ್ಡ ತುಂಡಾದರೆ ಮುರಿದದ್ದು. ದಿನಕ್ಕೆ 50ರಿಂದ 100 ಉದುರುವುದು ಸಹಜ. ಡೆಂಗಿ, ಟೈಫಾಯ್ಡ್ ಜ್ವರ, ಹೆರಿಗೆ, ಊಟದ ಏರುಪೇರು, ಮನಸ್ಸಿನ ಒತ್ತಡ ಇವುಗಳಿಂದ ಬಹಳಷ್ಟು ಬೇರುಗಳು ಒಮ್ಮೆಲೇ ವಿಶ್ರಾಂತಿಗೆ ಹೋಗಿ, ಎರಡು ಮೂರು ತಿಂಗಳ ನಂತರ ಕೂದಲನ್ನು ಕೈಬಿಡುತ್ತವೆ. ವರ್ಗವಾಗಿ ಬಂದು ಅಷ್ಟೇ ಕಾಲಕ್ಕೆ ಉದುರತೊಡಗುವುದರಿಂದ ಅಪವಾದ ನೀರಿನ ತಲೆಗೆ ಬರುತ್ತದೆ. ಹೆಚ್ಚಿನವರಿಗೆ ಆರೇಳು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ.

ನಲ್ಲಿಗೆ ಸಿಕ್ಕಿಸುವ ಇದ್ದಿಲಿನ ಫಿಲ್ಟರುಗಳಿಗೆ ದುಡ್ಡು ಸುರಿಯಬೇಡಿ, ಗಡಸುತನ ತೆಗೆಯುವುದು ಅವುಗಳಿಂದ ಆಗದು. ತಲೆ ತೊಳೆಯುವಾಗ ಕೊನೆಯ ಎರಡು ತಂಬಿಗೆಯನ್ನು ಮಲಪ್ರಭಾ ನದಿಯ ನೀರಿನಿಂದಲೋ ಊರಿನ ಶುದ್ಧ ನೀರಿನ ಘಟಕದಿಂದ ತಂದದ್ದರಿಂದಲೋ ಹೊಯ್ದುಕೊಂಡರೆ ಸಾಕು. ದುಂಡಗೆ ಬೋಳಾದರೆ, ನೆತ್ತಿ ತುರಿಸಿ ಹೊಟ್ಟೆದ್ದರೆ, ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ಚರ್ಮರೋಗ ವೈದ್ಯರಿಗೆ ತೋರಿಸಿ, ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.