ದ್ರಾಕ್ಷಿ, ಹುಣಿಸೆ ಮತ್ತು ಸಾಕುನಾಯಿ

ದ್ರಾಕ್ಷಿಯ ಬೇಸಾಯ ಸಾವಿರಾರು ವರ್ಷಗಳಷ್ಟು ಹಳೆಯದು. ಮನುಷ್ಯನಿಗೆ ನಾಯಿಯ ಸಹವಾಸ ಅದಕ್ಕಿಂತಲೂ ಪ್ರಾಚೀನವಾದುದು. ಆದರೂ ದ್ರಾಕ್ಷಿಯು ನಾಯಿಗೆ ವಿಷವಾಗಬಲ್ಲುದೆಂಬುದು ಪಶುವೈದ್ಯರಿಗೆ ಸ್ಪಷ್ಟವಾದುದು 2001ರ ಸುಮಾರಿಗೆ. ಈ ವಿಳಂಬಕ್ಕೆ ಕಾರಣವಿಲ್ಲದಿಲ್ಲ. ಒಂದು ನಾಯಿ ಹಿಡಿ ದ್ರಾಕ್ಷಿ ತಿಂದೂ ಸುಖವಾಗಿರುತ್ತದೆ. ಮತ್ತೊಂದು ಕೆಲವನ್ನೇ ತಿಂದು, ವಾಂತಿಮಾಡಿ, ಎರಡು ಮೂರು ದಿನಗಳಲ್ಲಿ ಮೂತ್ರಪಿಂಡಗಳು ಕೆಟ್ಟು ಸಾಯುತ್ತದೆ.

2021ರಲ್ಲಿ ಅಮೆರಿಕದ ಪಶುವೈದ್ಯರು ಒಂದು ಸುಳುಹನ್ನು ಪ್ರಕಟಿಸಿದರು. ಮಕ್ಕಳ ಆಟಕ್ಕೆಂದು ಮನೆಯಲ್ಲಿ ನಾದಿದ ಹಿಟ್ಟನ್ನು ತಿಂದ ನಾಯಿಯಲ್ಲಿ ಇವೇ ಲಕ್ಷಣಗಳು ಕಂಡಿದ್ದವು. ಹಿಟ್ಟಿನಲ್ಲಿದ್ದುದು ಟಾರ್ಟಾರಿಕ್ ಆಮ್ಲದ ಲವಣ. 1769ರಲ್ಲಿ ಷೀಲೆ ಬೇರ್ಪಡಿಸಿದ ಈ ಆಮ್ಲ ದ್ರಾಕ್ಷಿಯಲ್ಲಿಯೂ ಉಂಟು. ತಳಿ ಮತ್ತು ಮಾಗುವಿಕೆಗೆ ತಕ್ಕಂತೆ ಅದರ ಪ್ರಮಾಣ ಬೇರೆಯಾಗುತ್ತದೆ. ಹಳೆಯ ಒಗಟು ಇದರಿಂದ ಬಹುಮಟ್ಟಿಗೆ ಬಿಡುತ್ತದೆ.

ನಮ್ಮ ಅಡುಗೆಮನೆಗೆ ಇದರ ಸಂಬಂಧವು ಹೆಚ್ಚು ನಿಕಟ. ಹುಣಿಸೆಯ ಹುಳಿಗೆ ಮುಖ್ಯ ಕಾರಣವೂ ಇದೇ ಆಮ್ಲ. ಮಿಕ್ಕ ಹುಳಿಯನ್ನವನ್ನು ನಾಯಿಗೆ ಹಾಕುವುದು ನಮ್ಮಲ್ಲಿ ರೂಢಿ. ಅದರಲ್ಲಿ ಈರುಳ್ಳಿಯಿದ್ದರೆ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೇಯಿಸಿದರೂ ಆ ದೋಷ ಹೋಗದು. ಬೀದಿನಾಯಿಗಳು ಬದುಕಿಲ್ಲವೇ ಎಂಬ ವಾದ ಇಲ್ಲಿ ಸಲ್ಲದು. 20 ಕಿಲೋಗ್ರಾಂ ತೂಗುವ ನಾಯಿಗೂ 4 ಕಿಲೋಗ್ರಾಮಿನ ಪಮೇರಿಯನ್ನಿಗೂ ಒಂದೇ ತುತ್ತು ಹಾಕಿದರೆ, ತೂಕಕ್ಕೆ ಹೋಲಿಸಿದಾಗ ಎರಡನೆಯದಕ್ಕೆ ಸೇರುವುದು ಐದು ಪಟ್ಟು. ಪಾಯಸದ ಒಣದ್ರಾಕ್ಷಿಯಂತೂ ನೀರಾರಿ ಆಮ್ಲ ಸಾಂದ್ರವಾದ ಹಣ್ಣು. ಇಂಥದನ್ನು ತಿಂದುದು ತಿಳಿದೊಡನೆ, ಲಕ್ಷಣಗಳಿಗಾಗಿ ಕಾಯದೆ, ನಾಯಿಯನ್ನು ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೂತ್ರ ಕಟ್ಟಿದ ಮೇಲೆ ಅದನ್ನು ಉಳಿಸಿಕೊಳ್ಳುವುದು ಬಲು ಕಷ್ಟ.