ಶುಭ ಶುಕ್ರವಾರದ ಎರಡು ಕ್ಷೇತ್ರಗಳು

ಸಂಸ್ಕೃತದಲ್ಲಿ ಕ್ಷೇತ್ರವೆಂಬ ಶಬ್ದಕ್ಕೆ ಹೊಲವೆಂದೂ ಅರ್ಥವುಂಟು, ಪುಣ್ಯಸ್ಥಳವೆಂದೂ ಅರ್ಥವುಂಟು. ಬಹುಕಾಲ ಪಾಠಶಾಲೆಯಲ್ಲಿ ಈ ಎರಡು ಅರ್ಥಗಳನ್ನು ಬಾಲಕರಿಗೆ ಕಂಠಪಾಠ ಮಾಡಿಸಿದೆನಾದರೂ, ಅವೆರಡೂ ಒಂದೇ ಶಬ್ದದಲ್ಲಿ ಏಕೆ ನೆಲಸಿವೆಯೆಂದು ನಾನು ವಿಚಾರಿಸಿದವನಲ್ಲ. ಇಂಗ್ಲೆಂಡಿನ ಗ್ರಾಮಸ್ಥರು ಶುಭ ಶುಕ್ರವಾರವನ್ನು ಕಳೆಯುತ್ತ ಬಂದ ರೀತಿಯನ್ನು ಓದಿದಾಗ ಆ ವಿಚಾರ ಹುಟ್ಟಿತು. ಅದನ್ನೇ ವಾಚಕರ ಮುಂದೆ ಇಡುತ್ತೇನೆ.

ಶುಭ ಶುಕ್ರವಾರವು ಯೇಸುಕ್ರಿಸ್ತನು ಶಿಲುಬೆಯ ಮೇಲೆ ಪ್ರಾಣವನ್ನು ತೊರೆದ ದಿನ. ಹೆಸರು ಶುಭವಾದರೂ ಆಚರಣೆ ಶೋಕದ್ದು. ಹಿಂದಿನ ರಾತ್ರಿಯೇ ಚರ್ಚಿನ ಪೀಠದ ವಸ್ತ್ರಾಲಂಕಾರಗಳನ್ನು ತೆಗೆದಿಡುವರು, ಹೂವಿನ ಸಿಂಗಾರವಿಲ್ಲ. ಅನೇಕ ಚರ್ಚುಗಳಲ್ಲಿ ಮಧ್ಯಾಹ್ನ 12 ಗಂಟೆಯಿಂದ 3 ಗಂಟೆಯವರೆಗೆ, ಶಿಲುಬೆಯ ಮೇಲಿಂದ ಆತನು ಆಡಿದ ಏಳು ಮಾತುಗಳನ್ನು ಧ್ಯಾನಿಸುತ್ತ ಭಕ್ತರು ಕುಳಿತಿರುವರು. ಈ ಮೂರು ಗಂಟೆಗಳ ಆರಾಧನೆಯನ್ನು ಮೊದಲು ಏರ್ಪಡಿಸಿದವರು ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರದ ಜೆಸುಯಿಟ್ ಪಾದ್ರಿಗಳೆಂದು ಹೇಳುವರು.

ಅದೇ ಪೆರುವಿನ ಪರ್ವತಪ್ರಾಂತದಿಂದ ಇನ್ನೊಂದು ವಸ್ತುವೂ 16ನೆಯ ಶತಮಾನದಲ್ಲಿ ಯೂರೋಪಿಗೆ ಬಂದಿತು, ಅದೇ ಆಲೂಗೆಡ್ಡೆ. ಇಂಗ್ಲೆಂಡಿನ ಒಕ್ಕಲು ಮನೆಗಳಲ್ಲಿ ಶುಭ ಶುಕ್ರವಾರದಂದು ಪ್ರಾರ್ಥನೆಯಾದ ಬಳಿಕ ಗುದ್ದಲಿಯನ್ನು ಹಿಡಿದು ಆಲೂಗೆಡ್ಡೆಯನ್ನು ನೆಡುವುದು ಹಿಂದಿನಿಂದ ನಡೆದುಬಂದ ವಾಡಿಕೆ. ಮೊಳಕೆ ಬರಿಸಿದ ಬಿತ್ತನೆಗೆಡ್ಡೆಗಳನ್ನು ಗೇಣುದ್ದದೊಳಗಿನ ಆಳದಲ್ಲಿ, ಮೊಳಕೆ ಮೇಲಾಗುವಂತೆ, ಸುಮಾರು ಒಂದಡಿಗೊಂದರಂತೆ ಸಾಲಾಗಿ ಇಡುವರು. ಬೇಗ ಬಲಿಯುವ ಜಾತಿಯಾದರೆ ಸುಮಾರು ಮೂರು ತಿಂಗಳಲ್ಲಿ ಅಡಿಗೆಮನೆಗೆ ಬರುವುದು.

ಇದಕ್ಕೆ ಕಾರಣವೇನು? ಪುಣ್ಯದಿನದಲ್ಲಿ ನೆಟ್ಟ ಗೆಡ್ಡೆಗೆ ಪಿಶಾಚಬಾಧೆ ತಟ್ಟದೆಂಬ ನಂಬಿಕೆಯುಂಟು. ಆದರೆ ನನಗೆ ತೋರುವ ಬಲವಾದ ಕಾರಣ ಬಿಡುವು. ಕೂಲಿಯವನಿಗೆ ವಾರದ ಆರು ದಿನ ಒಡೆಯನ ಹೊಲ. ಭಾನುವಾರ ದುಡಿಯುವುದು ಧರ್ಮಕ್ಕೆ ನಿಷಿದ್ಧ. ವಸಂತಕಾಲದಲ್ಲಿ ತನ್ನ ಹಿತ್ತಿಲಿಗೆಂದು ಅವನಿಗೆ ದೊರೆಯುತ್ತಿದ್ದ ರಜೆ ಈ ಶುಕ್ರವಾರವೇ. ಹಬ್ಬವು ಬಡವನ ಮನೆಗೆ ವರ್ಷದ ಆಹಾರವನ್ನು ಒದಗಿಸಿತು.

ನೆಲದ ಹದವನ್ನೇ ನೋಡುವುದಾದರೆ ಈ ದಿನ ನೆಚ್ಚತಕ್ಕದ್ದಲ್ಲ. ನಮ್ಮ ಯುಗಾದಿಯಂತೆ ಇದೂ ಚಂದ್ರಗತಿಯನ್ನು ಅನುಸರಿಸುವುದು. 2008ರಲ್ಲಿ ಇದು ಮಾರ್ಚ್ 21ಕ್ಕೆ ಬಂದಿತು. 2011ರಲ್ಲಿ ಏಪ್ರಿಲ್ 22ಕ್ಕೆ. ಬೇಗ ಬಂದ ವರ್ಷ ಅಲ್ಲಿಯ ಮಣ್ಣು ಇನ್ನೂ ತಣ್ಣಗಿರುವುದು. ಚಿಗುರು ಹಿಮಕ್ಕೆ ಕರಿಕಾಗುವ ಭಯವುಂಟು. ಆದಕಾರಣ ವಿವೇಕಿಯಾದ ತೋಟಿಗನು ಪಂಚಾಂಗವನ್ನೂ ನೋಡುವನು, ಮಣ್ಣನ್ನೂ ಮುಟ್ಟಿ ನೋಡುವನು.

ಈ ವಾಡಿಕೆಯನ್ನು ಎಲ್ಲರೂ ಒಪ್ಪಿದವರಲ್ಲ. ಸ್ಕಾಟ್‌ಲೆಂಡಿನ ಮಲೆನಾಡಿನ ಕೆಲವೆಡೆ ಅಂದು ಕಬ್ಬಿಣವನ್ನು ನೆಲಕ್ಕೆ ತಾಗಿಸಬಾರದೆಂಬ ಕಟ್ಟಳೆಯಿತ್ತು. ಮ್ಯಾನ್ ದ್ವೀಪದಲ್ಲಿ ಒಲೆಯ ಬೆಂಕಿಗೂ ಕಬ್ಬಿಣ ಸೋಕಬಾರದೆಂದು ಕಟ್ಟಿಗೆಯ ಕೋಲಿನಿಂದಲೇ ಕೆದಕುತ್ತಿದ್ದರು. ಸ್ವಾಮಿಯ ಕೈಕಾಲುಗಳಿಗೆ ಹೊಡೆದ ಮೊಳೆಗಳ ಲೋಹವಲ್ಲವೆ! ಈ ಮನೋಭಾವವನ್ನು ನಗೆಯಾಡುವುದು ಸಲ್ಲದು. ದುಃಖಕ್ಕೆ ಮೌನವೂ ಒಂದು ಪೂಜೆ.

ಆದರೂ ನನ್ನ ಮನಸ್ಸು ಗುದ್ದಲಿ ಹಿಡಿದವನ ಕಡೆಗೇ ವಾಲುತ್ತದೆ. ಯೋಹಾನನ ಸುವಾರ್ತೆಯ ಪ್ರಕಾರ ಯೇಸುವನ್ನು ಸಮಾಧಿ ಮಾಡಿದ್ದು ಒಂದು ತೋಟದಲ್ಲಿ. ಮೂರನೆಯ ದಿನ ಪ್ರಾತಃಕಾಲದಲ್ಲಿ ಅಳುತ್ತ ಬಂದ ಮಗ್ದಲದ ಮರಿಯಳು ಎದ್ದುನಿಂತ ಸ್ವಾಮಿಯನ್ನು ಕಂಡು, ತೋಟಗಾರನಿರಬೇಕೆಂದು ಭ್ರಮಿಸಿದಳು. ಮಣ್ಣಿಗೆ ಬಿದ್ದ ಕಾಳು ಸಾಯದೆ ಫಲ ಕೊಡದೆಂಬ ದೃಷ್ಟಾಂತವೂ ಅದೇ ಗ್ರಂಥದಲ್ಲಿದೆ. ಹೀಗಿರಲು ಆ ದಿನ ಗೆಡ್ಡೆಯೊಂದನ್ನು ಮಣ್ಣಿನಲ್ಲಿ ಹೂಳಿ ಕಾಯುವುದು ಆರಾಧನೆಗೆ ಹೊರಗಾದೀತೆ?

ಆ ಕಾಯುವಿಕೆ ಸುಲಭದ್ದೂ ಅಲ್ಲ. ಐರ್ಲೆಂಡಿನ ರೈತರೂ ಅಂದು ನಾಲ್ಕು ಗೆಡ್ಡೆಗಳನ್ನಾದರೂ ನೆಟ್ಟು ಬೆಳೆಗೆ ದೇವರ ಹರಕೆಯನ್ನು ಕೋರುತ್ತಿದ್ದರು. 1845ರಲ್ಲಿ ಆಲೂಗೆಡ್ಡೆಗೆ ಅಂಗಮಾರಿರೋಗ ತಗುಲಿ, ಮುಂದಿನ ಕೆಲವೇ ವರ್ಷಗಳಲ್ಲಿ ಆ ನಾಡಿನ ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ರೋಗದಿಂದಲೂ ಮಡಿದರು. ಬದುಕಿ ಉಳಿದವರು ಮತ್ತೆ ಅದೇ ಗೆಡ್ಡೆಯನ್ನು ನೆಟ್ಟರು. ಫಲವು ತನ್ನ ವಶದಲ್ಲಿಲ್ಲವೆಂದು ಬಲ್ಲವನೂ ಬಿತ್ತನೆಯನ್ನು ಬಿಡಲಿಲ್ಲ. ಇದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ನಾನು ಅರಿಯೆ.

ಚರ್ಚಿನಲ್ಲಿ ಮಂಡಿಯೂರಿದವನೇ ಹಿತ್ತಿಲಿನಲ್ಲಿಯೂ ಮಂಡಿಯೂರುವನು. ಸ್ಥಳ ಎರಡು, ಭಂಗಿ ಒಂದೇ. ಕ್ಷೇತ್ರಶಬ್ದದ ಎರಡರ್ಥಗಳನ್ನು ಇನ್ನು ಯಾವ ಬಾಲಕನಾದರೂ ನನ್ನನ್ನು ಕೇಳಿದರೆ, ಕೋಶವನ್ನು ತೆರೆಯುವ ಮುನ್ನ ಈ ಮಾತನ್ನು ಹೇಳುವೆನು.