ಕ್ರಿಮಿನಾಲಜಿ ಓದುವ ಮುನ್ನ ಪಿಯುಸಿ ಕಾಂಬಿನೇಶನ್ ನೋಡಿ

ಮಗಳು ಕ್ರಿಮಿನಾಲಜಿ ಓದುತ್ತೇನೆ ಅಂದರೆ ಉಮ್ಮನ ಮೊದಲ ಮಾತು, "ಸ್ಟೇಶನ್, ಕೋರ್ಟಿನ ಸಹವಾಸ ನಮಗ್ಯಾಕೆ ಮೋಳೇ?" ಬಾಪನ ಪ್ರಶ್ನೆ ಬೇರೆ, "ಓದಿದ್ರೆ ಕೆಲ್ಸ ಸಿಗ್ತದಾ?" ಮುಳಬಾಗಿಲು ತಾಲೂಕಿನ ತಾಯಲೂರಿನಂಥ ಕಡೆ ಬೇಕರಿಯೋ ಹೋಟೆಲೋ ಇಟ್ಟುಕೊಂಡು ನೆಲೆಸುವ ಬ್ಯಾರಿ ಕುಟುಂಬಕ್ಕೆ ಇದನ್ನು ಯಾರ ಬಳಿ ಕೇಳುವುದು ಎಂಬುದೇ ಸಮಸ್ಯೆ. ಊರು 400 ಕಿ.ಮೀ.ಗೂ ಆಚೆ.

ಬಾಪನ ಪ್ರಶ್ನೆಯೇ ಮುಖ್ಯ. ಕ್ರಿಮಿನಾಲಜಿ ಪದವಿ ಇದೆ ಎಂದ ಮಾತ್ರಕ್ಕೆ ಪೊಲೀಸ್ ಕೆಲಸ ಸಿಗುವುದಿಲ್ಲ. ಪಿಎಸ್ಸೈ ಪರೀಕ್ಷೆಗೆ ಯಾವುದೇ ಪದವಿ ಸಾಕು, ದೈಹಿಕ ಪರೀಕ್ಷೆಯನ್ನೂ ಗೆಲ್ಲಬೇಕು. ಫೊರೆನ್ಸಿಕ್ ಲ್ಯಾಬಿಗೆ ವಿಜ್ಞಾನ ಬೇಕು. ಸರಕಾರಿ ಅಭಿಯೋಜಕರಾಗಲು ಎಲ್ಲೆಲ್ಬಿ ಜೊತೆಗೆ ವಕೀಲಿಕೆಯ ಅನುಭವ ಬೇಕು. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡು ಆಮೇಲೆ ಲ್ಯಾಬಿನ ಕನಸು ಕಂಡರೆ ದಾರಿ ಅಲ್ಲೇ ಮುಚ್ಚಿರುತ್ತದೆ. ಹಾಗಾಗಿ ಎಸೆಸೆಲ್ಸಿ ಮುಗಿದ ಕೂಡಲೇ ಮನೆಯಲ್ಲಿ ಈ ಮಾತು ಆಗಬೇಕು.

ಲ್ಯಾಬಿನ ಕಡೆ ಈಗ ಬೇಡಿಕೆ ಹೆಚ್ಚಲು ಕಾರಣವಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಪ್ರಕರಣಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ 5 ವರ್ಷದವರೆಗೆ ಕಾಲಾವಕಾಶವಿದೆ. ಅಷ್ಟರಲ್ಲಿ ಜನ ಬೇಕಲ್ಲವೇ? ಬೆಂಗಳೂರಿನ ಮಡಿವಾಳದ ಪ್ರಯೋಗಾಲಯವಲ್ಲದೆ ಮಂಗಳೂರು, ಮೈಸೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಲ್ಲೂ ಪ್ರಾದೇಶಿಕ ಲ್ಯಾಬುಗಳಿವೆ.

ಕಲಿಯಲು ಮಂಗಳೂರಿನ ರೋಶನಿ ನಿಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಇವೆ. ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿವಿಯ ಕ್ಯಾಂಪಸ್ಸೂ ಧಾರವಾಡದಲ್ಲಿದೆ. ಅಜ್ಜಿಮನೆ ಮಂಗಳೂರಲ್ಲಿದ್ದರೆ ಹಾಸ್ಟೆಲ್ ಚಿಂತೆಯೂ ಇಲ್ಲ.

ಆರ್ಟ್ಸ್ ಮಕ್ಕಳು ಬೇಸರಪಡಬೇಕಾಗಿಲ್ಲ. ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಸೇವಕರು ಕೂರುತ್ತಾರೆ, ಅವರಲ್ಲಿ ಒಬ್ಬರು ಮಹಿಳೆಯಾಗಿರಲೇಬೇಕು. ಕಾನೂನಿಗೆ ಸಿಕ್ಕಿಬಿದ್ದ ಹುಡುಗನ ಮನೆ ಪರಿಸ್ಥಿತಿ ನೋಡಿ ವರದಿ ಕೊಡುವ ಪ್ರೊಬೇಶನ್ ಅಧಿಕಾರಿಯ ಕೆಲಸವೂ ಇದೆ. ಎಂಎಸ್‌ಡಬ್ಲ್ಯು ಓದಿದವರಿಗೆ ಹೇಳಿ ಮಾಡಿಸಿದ ಕೆಲಸ. ನಮ್ಮಲ್ಲಿ ಇದರ ಬಗ್ಗೆ ಮಾತೇ ಕಡಿಮೆ.

ಉಮ್ಮನ ಆತಂಕಕ್ಕೆ ಒಂದು ಹೆಸರು ಹೇಳಬಹುದು, ಎಂ. ಫಾತಿಮಾ ಬೀವಿ. ಕೇರಳದ ಪತ್ತನಂತಿಟ್ಟದವರು. ಅವರನ್ನು ಕಾನೂನು ಓದಿಸಿದ್ದು ಬಾಪನ ಒತ್ತಾಸೆ. 1958ರಲ್ಲಿ ಮುನ್ಸಿಫ್ ಆದರು, 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ.

ಜಡ್ಜ್ ಆಗುವ ಆಸೆಯಿದ್ದವರು ಗಮನಿಸಿ: 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ಜಡ್ಜ್ ಪರೀಕ್ಷೆಗೆ 3 ವರ್ಷದ ವಕೀಲಿಕೆ ಕಡ್ಡಾಯ. ಆ 3 ವರ್ಷ ಕಿಸೆಗೆ ಬರುವುದು ಅಷ್ಟಕ್ಕಷ್ಟೆ, ಮದುವೆ ಮಾತು ಶುರುವಾಗುವುದೂ ಆಗಲೇ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಕಾನೂನು ಪದವೀಧರರಿಗೆ ತರಬೇತಿ ಭತ್ಯೆಯ ಯೋಜನೆಯಿದೆ. ತಾಯಲೂರಿನವರು ಕೋಲಾರದ ಜಿಲ್ಲಾ ಕಚೇರಿಯಲ್ಲಿ, ಕರಾವಳಿಯವರು ತಮ್ಮ ಜಿಲ್ಲೆಯ ಕಚೇರಿಯಲ್ಲಿ ವಿಚಾರಿಸಬಹುದು. ಎಲ್ಲೆಲ್ಬಿ ಕೊನೆಯ ವರ್ಷದಲ್ಲೇ ಕೇಳಿಟ್ಟುಕೊಂಡರೆ ದಾಖಲೆ ಹೊಂದಿಸಲು ಸಮಯ ಸಿಗುತ್ತದೆ.